ರಾತ್ರಿ ಎರಡು ಗಂಟೆಯ ಗಿರಾಕಿ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನಿನ್ನ ಪತ್ರ ಬಂದು ವಾರವಾಯಿತು. ಎರಡು ಸಲ ಉತ್ತರ ಬರೆಯಲು ಕುಳಿತೆ, ಎರಡು ಸಲವೂ ಉಪದೇಶದ ದನಿ ನುಸುಳಿತು, ಹರಿದು ಹಾಕಿದೆ. ನಾವು ಒಬ್ಬರಿಗೊಬ್ಬರು ಉಪದೇಶ ಮಾಡಿಕೊಂಡು ಬೆಳೆದವರಲ್ಲ. ಈ ಸಲ ಲೆಕ್ಕದಿಂದಲೇ ಶುರು ಮಾಡುತ್ತೇನೆ. ಲೆಕ್ಕ ಮುಗಿದ ಮೇಲೆ, ಎರಡು ವರ್ಷದಿಂದ ಯಾರ ಬಳಿಯೂ ಹೇಳದ ಒಂದು ಸಂಗತಿ ಇದೆ, ಅದನ್ನೂ ಹೇಳುತ್ತೇನೆ.

ಗಂಡಸರ ಲೈಂಗಿಕ ಆರೋಗ್ಯದ ಕ್ಯಾಪ್ಸೂಲು, ಎಣ್ಣೆ, ಜೆಲ್ ಮಾರುವ ಕಂಪನಿಗೆ ಅಫಿಲಿಯೇಟ್ ಆಗುತ್ತೇನೆ, ದುಡ್ಡು ಕೊಟ್ಟು ಜಾಹೀರಾತು ಹಾಕಿ ಗಿರಾಕಿಗಳನ್ನು ಅವರ ಅಂಗಡಿಗೆ ಕಳಿಸುತ್ತೇನೆ, ಸರಕು ಇಟ್ಟುಕೊಳ್ಳುವ ತಾಪತ್ರಯವಿಲ್ಲ, ಪಾರ್ಸೆಲ್ ಕಟ್ಟುವ ರಗಳೆಯಿಲ್ಲ, ಅರ್ಧಕ್ಕರ್ಧ ಕಮಿಷನ್ ಎಂದು ಬರೆದಿದ್ದೀಯ. ಎಲ್ಲವೂ ನಿಜ. ಅರ್ಧಕ್ಕರ್ಧ ಬಿಟ್ಟುಕೊಡುವ ಕಂಪನಿಗೆ ಆ ಡಬ್ಬಿ ಎಷ್ಟಕ್ಕೆ ಬಿದ್ದಿರಬಹುದು ಎಂದು ಮಾತ್ರ ನೀನು ಕೇಳಿಕೊಂಡಂತಿಲ್ಲ. ನಾನೂ ಆಗ ಕೇಳಿಕೊಂಡಿರಲಿಲ್ಲ.

ಲೆಕ್ಕ ಹೀಗೆ. ಒಂದು ಮಾರಾಟಕ್ಕೆ ನಿನಗೆ 1000 ಸಿಗುತ್ತದೆ, ಜಾಹೀರಾತಿನ ಒಂದು ಕ್ಲಿಕ್ಕಿಗೆ 20 ಹೋಗುತ್ತದೆ ಎಂದಿಟ್ಟುಕೋ. ಐವತ್ತು ಕ್ಲಿಕ್ಕಿಗೆ ಒಂದು ಮಾರಾಟವಾದರೆ ಹಾಕಿದ್ದು ಹಾಕಿದಷ್ಟೇ ವಾಪಸು. ಆದರೆ ಆರ್ಡರ್ ಬೇರೆ, ಮಾರಾಟ ಬೇರೆ. ಪಾರ್ಸೆಲ್ ಬಾಗಿಲಿಗೆ ಬಂದಾಗ ನಾಚಿಕೊಂಡು "ನಾನು ತರಿಸಿದ್ದಲ್ಲ" ಎನ್ನುವವರಿದ್ದಾರೆ, ಬೆಳಗಾಗುವಷ್ಟರಲ್ಲಿ ಮನಸ್ಸು ಬದಲಿಸಿ ರದ್ದು ಮಾಡುವವರಿದ್ದಾರೆ. ಐದರಲ್ಲಿ ಒಂದು ಆರ್ಡರ್ ಹೀಗೆ ಬಿದ್ದುಹೋದರೆ, ಐವತ್ತಲ್ಲ, ನಲವತ್ತು ಕ್ಲಿಕ್ಕಿಗೇ ಒಂದು ಆರ್ಡರ್ ಬರಬೇಕು. ನೂರಕ್ಕೆ ಎರಡೂವರೆ. ಇದು ಲಾಭವಲ್ಲ, ನಷ್ಟವಾಗದಿರುವ ಗೆರೆ.

ಆ ಗೆರೆಯನ್ನು ಮುಟ್ಟುತ್ತೇವೆಯೋ ಇಲ್ಲವೋ ಎಂದು ತಿಳಿಯುವುದಕ್ಕೂ ದುಡ್ಡು ಸುಡಬೇಕು. ಜಾಹೀರಾತು ಒತ್ತಿದವನು ಬಂದು ಇಳಿಯುವುದು ಒಂದು ಮಾರಾಟದ ಪುಟಕ್ಕೆ. ನಿಜವಾಗಿಯೂ ನೂರಕ್ಕೆ ಎರಡೂವರೆ ಆರ್ಡರ್ ತರುವ ಒಳ್ಳೆಯ ಪುಟವೂ ಮೊದಲ ನೂರು ಕ್ಲಿಕ್ಕಿಗೆ ಒಂದೂ ಆರ್ಡರ್ ತಾರದಿರುವ ಸಾಧ್ಯತೆ ಶೇ. 8ರಷ್ಟು ಇದೆ. ನಾನು ಮೊದಲ ತಿಂಗಳು ಎರಡು ಜಾಹೀರಾತುಗಳನ್ನು ನೂರನೆಯ ಕ್ಲಿಕ್ಕಿಗೇ ನಿಲ್ಲಿಸಿಬಿಟ್ಟೆ. ಅವುಗಳಲ್ಲಿ ಒಂದು ಚೆನ್ನಾಗಿಯೇ ಇತ್ತೇನೋ, ಇನ್ನು ಗೊತ್ತಾಗುವಂತಿಲ್ಲ. ಮುನ್ನೂರು ಕ್ಲಿಕ್ಕಾದರೂ ಸೊನ್ನೆ ಎಂದರೆ ಅದು ದುರದೃಷ್ಟವಲ್ಲ, ಎರಡು ಸಾವಿರದಲ್ಲಿ ಒಂದು ಸಲ ಮಾತ್ರ ಹಾಗಾದೀತು. ಅಲ್ಲಿಗೆ ಆ ಪುಟವನ್ನು ಮುಚ್ಚು. ಪ್ರತಿ ಜಾಹೀರಾತಿಗೂ, ಅದರ ಪ್ರತಿ ಕ್ಲಿಕ್ಕಿಗೂ ಬೇರೆ ಗುರುತಿನ ಸಂಖ್ಯೆ ಕೊಟ್ಟು, ಆರ್ಡರ್ ಬಂದಾಗ ಆ ಸಂಖ್ಯೆ ನಿನಗೆ ವಾಪಸು ಬರುವಂತೆ ಕಂಪನಿಯವರಿಂದ ಮಾಡಿಸಿಕೋ. ಇಲ್ಲದಿದ್ದರೆ ಯಾವ ಜಾಹೀರಾತು ಉಂಡಿತು, ಯಾವುದು ದುಡಿಯಿತು ಎಂಬುದು ಕೊನೆಗೂ ತಿಳಿಯುವುದಿಲ್ಲ.

ಇನ್ನೊಂದು ಪೆಟ್ಟು ಯಾರೂ ಮೊದಲೇ ಹೇಳುವುದಿಲ್ಲ. ಜಾಹೀರಾತಿನ ದುಡ್ಡು ಇವತ್ತೇ ಕಾರ್ಡಿನಿಂದ ಹೋಗುತ್ತದೆ, ಕಮಿಷನ್ ಒಂದೆರಡು ತಿಂಗಳು ತಡೆದು ಬರುತ್ತದೆ. ವ್ಯಾಪಾರ ಚೆನ್ನಾಗಿ ನಡೆದಷ್ಟೂ ಕೈ ಖಾಲಿಯಾಗುತ್ತದೆ. ನನಗೆ ಅತಿ ಹೆಚ್ಚು ಆರ್ಡರ್ ಬಂದ ತಿಂಗಳಲ್ಲೇ ನಾನು ತಮ್ಮನ ಬಳಿ ಸಾಲ ಕೇಳಿದ್ದು. ಏಕೆ ಎಂದು ಕೇಳಿದ, "ವ್ಯಾಪಾರ ಜೋರಾಗಿದೆ" ಎಂದೆ. ಅವನು ನನ್ನ ಮುಖವನ್ನು ನೋಡಿದ ರೀತಿ ಇನ್ನೂ ನೆನಪಿದೆ.

ಜಾಹೀರಾತು ವೇದಿಕೆಗಳ ನಿಯಮಗಳನ್ನು ಓದು, ಬೇಸರವಾದರೂ ಓದು. ಗೂಗಲ್‌ನಲ್ಲಿ ಲೈಂಗಿಕ ಆರೋಗ್ಯದಂಥ ವಿಷಯಕ್ಕೆ ಒಮ್ಮೆ ಬಂದುಹೋದವರನ್ನು ಬೆನ್ನಟ್ಟಿ ಮತ್ತೆ ಮತ್ತೆ ಜಾಹೀರಾತು ತೋರಿಸುವಂತಿಲ್ಲ. ಬೇರೆ ಸರಕಿನಲ್ಲಿ ಅಫಿಲಿಯೇಟ್‌ಗಳು ಬದುಕುವುದೇ ಆ ಬೆನ್ನಟ್ಟುವಿಕೆಯಿಂದ. ಇಲ್ಲಿ ಅದಿಲ್ಲ, ಮೊದಲ ಭೇಟಿಯಲ್ಲೇ ಮಾರಬೇಕು. ಫೇಸ್‌ಬುಕ್‌ನಲ್ಲಿ ಹದಿನೆಂಟು ದಾಟದವರಿಗೆ ಇಂಥ ಜಾಹೀರಾತು ತೋರಿಸುವಂತಿಲ್ಲ, "ನಿಮಗೆ ಈ ಸಮಸ್ಯೆ ಇದೆಯೇ?" ಎಂದು ಓದುವವನ ಕಾಯಿಲೆಯನ್ನು ಎತ್ತಿ ಆಡುವಂತೆಯೂ ಇಲ್ಲ. ಎರಡೂ ನ್ಯಾಯವಾದ ನಿಯಮಗಳೇ. ಆದರೆ ಈ ದಂಧೆಯಲ್ಲಿ ಚೆನ್ನಾಗಿ ಓಡುವ ಸಾಲು ಯಾವುದು ಎಂದು ಕೇಳಿದರೆ ಎಲ್ಲರೂ ತೋರಿಸುವುದು ಅದೇ "ನಿಮಗೆ ಈ ಸಮಸ್ಯೆ ಇದೆಯೇ?"ಯನ್ನು. ಹಾಗಾಗಿ ಕೆಲವರು ಪರಿಶೀಲಕರಿಗೆ ಒಂದು ಪುಟ, ಗಿರಾಕಿಗೆ ಇನ್ನೊಂದು ಪುಟ ತೋರಿಸುತ್ತಾರೆ. ಕ್ಲೋಕಿಂಗ್ ಎನ್ನುತ್ತಾರೆ ಅದಕ್ಕೆ. ಸಿಕ್ಕಿಬಿದ್ದರೆ ಖಾತೆ ಹೋಗುತ್ತದೆ, ಹೆಂಡತಿಯ ಹೆಸರಿನಲ್ಲಿ ಇನ್ನೊಂದು ತೆರೆದರೆ ಅದೂ ಹೋಗುತ್ತದೆ. ಅದರ ಹತ್ತಿರ ಸುಳಿಯಬೇಡ.

ನಾನು ಕ್ಲೋಕಿಂಗ್ ಮಾಡಲಿಲ್ಲ. ಆದರೆ ಮಾಡಿದ್ದೂ ಅಷ್ಟೇನೂ ಚೆನ್ನಾಗಿರಲಿಲ್ಲ. ಕಂಪನಿಯವರು ಸಿದ್ಧ ಪುಟ ಕೊಟ್ಟರು. ಮೇಲ್ಭಾಗದಲ್ಲಿ ಬಿಳಿ ಕೋಟಿನ ಡಾಕ್ಟರು, ಕೊರಳಲ್ಲಿ ಸ್ಟೆತೊಸ್ಕೋಪು, ಮುಖದಲ್ಲಿ ಭರವಸೆ. ಮೂರು ತಿಂಗಳ ನಂತರ ಅದೇ ಮುಖ ಇನ್ನೆಲ್ಲೋ ಕೂದಲಿನ ಎಣ್ಣೆಯನ್ನು ಶಿಫಾರಸು ಮಾಡುತ್ತಿರುವುದನ್ನು ನೋಡಿದೆ. ಪಾಪ, ಯಾವ ರೋಗಕ್ಕೂ ಹಿಂಜರಿಯದ ಡಾಕ್ಟರು. ಅದರ ಕೆಳಗೆ "ಉಳಿದಿರುವುದು 7 ಡಬ್ಬಿ ಮಾತ್ರ" ಎಂಬ ಕೆಂಪು ಸಾಲು, ಪುಟವನ್ನು ಎಷ್ಟು ಸಲ ತೆರೆದರೂ ಏಳೇ. ಕೊನೆಯಲ್ಲಿ "ನೂರಕ್ಕೆ ನೂರು ನೈಸರ್ಗಿಕ, ಅಡ್ಡ ಪರಿಣಾಮವಿಲ್ಲ". ನಾನು ಆ ಏಳನ್ನು ತೆಗೆಸಿದೆ, ಡಾಕ್ಟರನ್ನು ತೆಗೆಸಿದೆ, ಇನ್ನೇನು ಪ್ರಾಮಾಣಿಕನಾದೆ ಎಂದುಕೊಂಡೆ. ಕೊನೆಯ ಸಾಲನ್ನು ಹಾಗೇ ಬಿಟ್ಟೆ. ನೈಸರ್ಗಿಕ ಎಂಬ ಮಾತಿನಲ್ಲಿ ಯಾರಿಗೆ ಏನು ಕೇಡು ಎಂದು ಅನ್ನಿಸಿತು.

ಈಗ ಆ ಸಂಗತಿಗೆ ಬರುತ್ತೇನೆ.

ಹುಡುಕಾಟದ ಜಾಹೀರಾತಿನಲ್ಲಿ ಒಂದು ವರದಿ ಸಿಗುತ್ತದೆ. ಜನ ನಿಜವಾಗಿ ಏನು ಬೆರಳಚ್ಚಿಸಿ ನಿನ್ನ ಜಾಹೀರಾತನ್ನು ಕಂಡರು, ಯಾವುದರಿಂದ ಕ್ಲಿಕ್ ಬಂತು, ಯಾವುದರಿಂದ ಆರ್ಡರ್ ಬಂತು ಎಂದು ಸಾಲು ಸಾಲಾಗಿ. ಬೇಡದ ಪದಗಳನ್ನು ಹುಡುಕಿ ತೆಗೆಯಲು ನಾನು ಪ್ರತಿ ಭಾನುವಾರ ಅದನ್ನು ತೆರೆದು ಕೂರುತ್ತಿದ್ದೆ. ಕ್ಲಿಕ್ಕುಗಳು ರಾತ್ರಿ ಹನ್ನೊಂದರ ಮೇಲೆ ಏರಿ, ಎರಡರವರೆಗೂ ಇಳಿಯುತ್ತಿರಲಿಲ್ಲ. "ಮದುವೆ ಮುಂದಿನ ವಾರ ಭಯ." "ಸಕ್ಕರೆ ಕಾಯಿಲೆ ಬಂದ ಮೇಲೆ ನಿಮಿರುವುದಿಲ್ಲ." "ಹೆಂಡತಿಗೆ ಹೇಗೆ ಹೇಳುವುದು." ಈ ಕೊನೆಯದಕ್ಕೆ ನಾನು ಮಾರುವ ಡಬ್ಬಿಯಲ್ಲಿ ಉತ್ತರವಿರಲಿಲ್ಲ, ಆದರೂ ಆ ಕ್ಲಿಕ್ಕಿಗೆ 20 ಕೊಟ್ಟಿದ್ದೆ. "ಗಾತ್ರ ಹೆಚ್ಚಿಸುವ ಎಣ್ಣೆ" ಎಂದು ಹುಡುಕುವವರು ಎಲ್ಲರಿಗಿಂತ ಹೆಚ್ಚು. ಯಾವ ಎಣ್ಣೆಯೂ ಯಾವ ಮಾತ್ರೆಯೂ ಅದನ್ನು ಮಾಡುವುದಿಲ್ಲ, ಅದನ್ನು ಮಾರುವವನಿಗೂ ಗೊತ್ತು. ಆ ಪದಗಳನ್ನು ಮೊದಲ ದಿನವೇ ತಡೆಪಟ್ಟಿಗೆ ಹಾಕು, ವಯಸ್ಸಿನ ಅಂಕಿಯಿರುವ ಹುಡುಕಾಟಗಳನ್ನೂ ಹಾಕು. ಹುಡುಗರು ತಮ್ಮ ವಯಸ್ಸನ್ನು ಬರೆದೇ ಕೇಳುತ್ತಾರೆ.

ಒಂದು ಭಾನುವಾರ ಒಂದು ಸಾಲು ಕಂಡಿತು: "ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಮಾತ್ರೆ ಜೊತೆ ತೆಗೆದುಕೊಳ್ಳಬಹುದೇ". ಕ್ಲಿಕ್: 1. ಆರ್ಡರ್: 1.

ನಾಲಿಗೆ ಕೆಳಗೆ ಇಡುವ ಮಾತ್ರೆ ಎಂದರೆ ನೈಟ್ರೋಗ್ಲಿಸರಿನ್ ಅಥವಾ ಅದೇ ಗುಂಪಿನ ಇನ್ನೊಂದು ಔಷಧ. ನಮ್ಮದು ಬರೀ ಬೇರು, ಸೊಪ್ಪು, ಬೀಜದ ಪುಡಿ ಎಂದು ಸುಮ್ಮನಾಗಬಹುದಿತ್ತು. ಆದರೆ ಅಷ್ಟು ಹೊತ್ತಿಗೆ ನಾನು ಒಂದಿಷ್ಟು ಓದಿಕೊಂಡಿದ್ದೆ. ನಿಮಿರುವಿಕೆಯ ತೊಂದರೆಗೆ ನಿಜವಾಗಿ ಕೆಲಸ ಮಾಡುವ ಮೊದಲ ಮಾತ್ರೆ ಸಿಲ್ಡೆನಾಫಿಲ್, ವಯಾಗ್ರ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ 1998ರ ಮಾರ್ಚಿನಲ್ಲಿ ಒಪ್ಪಿಗೆ ಪಡೆದದ್ದು. ಅದನ್ನು ಮೊದಲು ಪರೀಕ್ಷಿಸಿದ್ದು ಎದೆನೋವಿಗೇ ಎಂಬುದು ಈ ಕಥೆಯ ವ್ಯಂಗ್ಯ. ಎದೆನೋವಿಗೆ ಹೇಳಿಕೊಳ್ಳುವಷ್ಟು ಉಪಯೋಗವಾಗಲಿಲ್ಲ, ಪರೀಕ್ಷೆಗೆ ಒಳಗಾದ ಗಂಡಸರು ಬೇರೊಂದು ಪರಿಣಾಮವನ್ನು ಹೇಳಿದರು. ಸಿಲ್ಡೆನಾಫಿಲ್ ಮತ್ತು ನೈಟ್ರೋಗ್ಲಿಸರಿನ್ ಎರಡೂ ರಕ್ತನಾಳವನ್ನು ಸಡಿಲಿಸುವುದು ಒಂದೇ ದಾರಿಯಲ್ಲಿ, ಬೇರೆ ಬೇರೆ ತುದಿಯಿಂದ. ಎರಡೂ ಒಟ್ಟಿಗೆ ಮೈ ಸೇರಿದರೆ ರಕ್ತದೊತ್ತಡ ಕುಸಿಯುತ್ತದೆ, ಜೀವವೇ ಹೋಗಬಹುದು. ಆದ್ದರಿಂದಲೇ ಡಾಕ್ಟರು ಚೀಟಿ ಬರೆಯುವ ಮೊದಲು ಹೃದಯದ ಮಾತ್ರೆಯ ಬಗ್ಗೆ ಕೇಳುತ್ತಾರೆ.

ಸೊಪ್ಪಿನ ಪುಡಿಗೂ ಇದಕ್ಕೂ ಏನು ಸಂಬಂಧ ಎನ್ನುತ್ತೀಯ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಗಂಡಸರ ಶಕ್ತಿವರ್ಧಕ ಎಂದು ಮಾರುವ "ನೈಸರ್ಗಿಕ" ಕ್ಯಾಪ್ಸೂಲುಗಳನ್ನು ಪರೀಕ್ಷಿಸಿ ವರ್ಷಗಳಿಂದ ಎಚ್ಚರಿಕೆ ಹೊರಡಿಸುತ್ತಲೇ ಇದೆ. ಡಬ್ಬಿಯ ಮೇಲೆ ಬೇರು, ಸೊಪ್ಪಿನ ಹೆಸರು, ಒಳಗೆ ಯಾರಿಗೂ ಹೇಳದೆ ಬೆರೆಸಿದ ಸಿಲ್ಡೆನಾಫಿಲ್, ಟಡಲಾಫಿಲ್ ಅಥವಾ ಅವುಗಳ ದಾಯಾದಿಗಳು. "ಒಂದೇ ಗಂಟೆಯಲ್ಲಿ ಫಲ" ಕೊಡುವ ಸೊಪ್ಪಿನ ಪುಡಿಯನ್ನು ಕಂಡರೆ ನನಗೆ ಈಗ ಮೊದಲು ಬರುವುದು ಇದೇ ಅನುಮಾನ. ನನ್ನ ಡಬ್ಬಿಯ ಮೇಲೂ ಇದ್ದದ್ದು "ಒಂದೇ ಗಂಟೆಯಲ್ಲಿ".

ಕಂಪನಿಗೆ ಬರೆದೆ: ಇಂಥ ಗಿರಾಕಿಯೊಬ್ಬ ಆರ್ಡರ್ ಮಾಡಿದ್ದಾನೆ, ಈ ಗುರುತಿನ ಸಂಖ್ಯೆಯ ಆರ್ಡರನ್ನು ತಡೆಯಿರಿ, ಕರೆ ಮಾಡಿ ಕೇಳಿ, ಹಾಗೆಯೇ ಈ ಬ್ಯಾಚಿನ ಕ್ಯಾಪ್ಸೂಲಿನ ಪ್ರಯೋಗಾಲಯದ ವರದಿಯನ್ನು ಕಳಿಸಿ. ಎರಡು ದಿನದ ಮೇಲೆ ಉತ್ತರ ಬಂತು. "ನಮ್ಮ ಉತ್ಪನ್ನ ಸಂಪೂರ್ಣ ನೈಸರ್ಗಿಕವಾದ್ದರಿಂದ ಆತಂಕ ಬೇಡ." ಜೊತೆಗೆ ಕಾರ್ಖಾನೆ ಶುಚಿಯಾಗಿದೆ ಎಂಬ ಪ್ರಮಾಣಪತ್ರ. ಕ್ಯಾಪ್ಸೂಲಿನೊಳಗೆ ಏನಿದೆ ಎಂಬ ಪರೀಕ್ಷಾ ವರದಿ ಅಲ್ಲಿರಲಿಲ್ಲ, ಮತ್ತೆ ಕೇಳಿದೆ, ಬರಲಿಲ್ಲ. ಪಾರ್ಸೆಲ್ ಆಗಲೇ ಹೊರಟಿತ್ತು. ತಿಂಗಳ ಕೊನೆಗೆ ಕಮಿಷನ್ ಪಟ್ಟಿಯಲ್ಲಿ ಆ ಸಂಖ್ಯೆಯ ಮುಂದೆ "ಅಂಗೀಕೃತ" ಎಂದಿತ್ತು. ಅಂದರೆ ಅವನು ಪಾರ್ಸೆಲ್ ತೆಗೆದುಕೊಂಡ, ವಾಪಸು ಮಾಡಲಿಲ್ಲ. ಅಷ್ಟೇ ನನಗೆ ತಿಳಿಯುವುದು. ಅವನ ಹೆಸರು, ಊರು ಏನೂ ಅಫಿಲಿಯೇಟ್‌ಗೆ ಕಾಣುವುದಿಲ್ಲ. ಡಬ್ಬಿಯೊಳಗೆ ಬರೀ ಸೊಪ್ಪೇ ಇತ್ತೇನೋ. ಇದ್ದಿರಲಿ ಎಂದು ಈಗಲೂ ಬೇಡಿಕೊಳ್ಳುತ್ತೇನೆ.

"ಈ ಮಾಲಿನಲ್ಲಿ ಕೊಂಡ ಮೇಲೆ ವಾಪಸು ಮಾಡುವವರು ಕಡಿಮೆ" ಎಂದು ಕಂಪನಿಯವ ನಿನಗೂ ಹೇಳಿರುತ್ತಾನೆ. ಹೌದು, ಕಡಿಮೆಯೇ. ಕೆಲಸ ಮಾಡಲಿಲ್ಲ ಎಂದು ಫೋನು ಮಾಡಿ ಹೇಳಬೇಕಲ್ಲ, ಯಾರಿಗೆ ಬಾಯಿ ಬರುತ್ತದೆ? ನಾನು ಅದನ್ನು ಮಾಲಿನ ಗುಣ ಎಂದು ತಿಳಿದಿದ್ದೆ.

ಆ ಗಿರಾಕಿಗೆ ಬೇಕಿದ್ದದ್ದು ಡಬ್ಬಿಯಲ್ಲ, ಡಾಕ್ಟರು. ಆ ಅಂಗದ ರಕ್ತನಾಳಗಳು ಹೃದಯದ ರಕ್ತನಾಳಗಳಿಗಿಂತ ಸಣ್ಣವು, ಕಟ್ಟಿಕೊಳ್ಳಲು ಶುರುವಾದರೆ ಎಷ್ಟೋ ಸಲ ಮೊದಲು ಸುದ್ದಿ ಬರುವುದು ಅಲ್ಲಿಂದಲೇ. ಎಷ್ಟೋ ಗಂಡಸರಲ್ಲಿ ಈ ತೊಂದರೆ ಹೃದ್ರೋಗಕ್ಕಿಂತ ಕೆಲವು ವರ್ಷ ಮುಂಚೆ ಕಾಣಿಸಿಕೊಳ್ಳುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆ, ಸಿಗರೇಟು, ಬರೀ ಮನಸ್ಸಿನ ಅಳುಕು, ಕಾರಣ ಯಾವುದೂ ಇರಬಹುದು. "ಗುಟ್ಟಾಗಿ ಮನೆಗೇ ಬರುತ್ತದೆ" ಎಂಬ ನನ್ನ ಜಾಹೀರಾತು ಅವನನ್ನು ಕರೆದೊಯ್ದದ್ದು ಡಾಕ್ಟರರಿಂದ ದೂರಕ್ಕೆ.

ಆ ಕ್ಯಾಪ್ಸೂಲನ್ನು ಬಿಟ್ಟೆ. ದಂಧೆಯನ್ನು ಪೂರ್ತಿ ಬಿಡಲಿಲ್ಲ, ಸುಳ್ಳು ಹೇಳುವುದಿಲ್ಲ. ಕಾಂಡೋಮು, ಲೂಬ್ರಿಕೆಂಟ್ ಜೆಲ್ ಮಾರುವ ಒಂದು ಅಂಗಡಿ, ಪರವಾನಗಿ ಇರುವ ಡಾಕ್ಟರರ ಜೊತೆ ದೂರದಿಂದಲೇ ಮಾತನಾಡಿಸುವ ಒಂದು ಸೇವೆ, ಈ ಎರಡಕ್ಕೆ ಇನ್ನೊಂದು ಆರು ತಿಂಗಳು ಜಾಹೀರಾತು ಹಾಕಿದೆ. ಪುಟದ ತಲೆಯಲ್ಲೇ "ನೀವು ಈ ಕೊಂಡಿಯಿಂದ ಕೊಂಡರೆ ನನಗೆ ಕಮಿಷನ್ ಬರುತ್ತದೆ" ಎಂದು ಬರೆದೆ, ಅದರ ಕೆಳಗೆ ಹೃದಯದ ಮಾತ್ರೆ ತೆಗೆದುಕೊಳ್ಳುವವರಿಗೆ ಎರಡು ಸಾಲು ಎಚ್ಚರಿಕೆ. ಆರ್ಡರ್ ಇಳಿಯಿತು, ರದ್ದಾಗುವುದೂ ಇಳಿಯಿತು. ಕಮಿಷನ್ ಸಣ್ಣದು, ಜಾಹೀರಾತಿನ ಖರ್ಚು ಕಳೆದರೆ ತಿಂಗಳಿಗೆ ಮೊಬೈಲ್ ಬಿಲ್ಲು, ವಿದ್ಯುತ್ ಬಿಲ್ಲು ಕಟ್ಟುವಷ್ಟು ಉಳಿಯುತ್ತಿತ್ತು. ಆಮೇಲೆ ಕ್ಲಿಕ್ಕಿನ ಬೆಲೆ ಏರಿತು, ನಿಲ್ಲಿಸಿದೆ.

ಇದನ್ನೆಲ್ಲ ಓದಿಯೂ ಇಳಿಯುತ್ತೇನೆ ಎನ್ನುವವನು ನೀನು, ನಿನ್ನನ್ನು ಬಲ್ಲೆ. ಹಾಗಾದರೆ ಹಣ ಹಾಕುವ ಮೊದಲು ನಿನ್ನ ಕಂಪನಿಗೆ ಒಂದು ಪತ್ರ ಬರೆ. ಪ್ರತಿ ಬ್ಯಾಚಿನ ಪರೀಕ್ಷಾ ವರದಿ ಕೊಡುತ್ತೀರಾ, ಅದರಲ್ಲಿ ಸಿಲ್ಡೆನಾಫಿಲ್ ಗುಂಪಿನ ಔಷಧ ಇಲ್ಲ ಎಂದು ನೋಡಿದ್ದಾರಾ, "ಉಚಿತ ಮಾದರಿ" ಎಂದು ಕಾರ್ಡಿನ ವಿವರ ಪಡೆದು ಮುಂದಿನ ತಿಂಗಳಿಂದ ಹಣ ಎಳೆಯುತ್ತೀರಾ, ರದ್ದಾದ ಆರ್ಡರಿನ ಕಮಿಷನ್ ಎಷ್ಟು ದಿನದವರೆಗೆ ವಾಪಸು ಕಿತ್ತುಕೊಳ್ಳುತ್ತೀರಿ ಎಂದು ಕೇಳು. ಫೋನಿನಲ್ಲಿ ಬೇಡ, ಬರವಣಿಗೆಯಲ್ಲೇ ಉತ್ತರ ತರಿಸಿಕೋ.

ಬಂದ ಉತ್ತರವನ್ನು ನನಗೆ ಕಳಿಸು. ನನ್ನ ಹಳೆಯ ಲೆಕ್ಕದ ಹಾಳೆ ಹಾಗೇ ಇದೆ, ಅದರಲ್ಲಿ ನಿನ್ನ ಅಂಕಿಗಳನ್ನು ತುಂಬಿ ವಾಪಸು ಕಳಿಸುತ್ತೇನೆ. ಆ ಭಾನುವಾರದ ಸಾಲನ್ನು ನಾನು ಅದರಿಂದ ಅಳಿಸಿಲ್ಲ. ಹಳದಿ ಬಣ್ಣ ಬಳಿದಿದೆ, ತೆರೆದ ಕೂಡಲೇ ಕಾಣುತ್ತದೆ.

ಮನೆಯಲ್ಲಿ ಎಲ್ಲರನ್ನೂ ಕೇಳಿದೆನೆಂದು ಹೇಳು.

ನಿನ್ನ ಗೆಳೆಯ