ಲ್ಯಾಂಕಾಸ್ಟರಿನ ಆ ಸಭೆ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯನಿಗೆ,

ಅಮೆರಿಕದ ಬ್ರಿಟಿಷ್ ವಸಾಹತುಗಳವರು ಅಲ್ಲಿನ ಮೂಲನಿವಾಸಿಗಳಾದ ಇರೊಕ್ವಾಯ್ ಜನರೊಂದಿಗೆ ಮಾಡಿಕೊಂಡ ಒಪ್ಪಂದಗಳೆಂದರೆ ಕಾಗದದ ಮೇಲಿನ ಸಹಿಗಳಷ್ಟೇ ತಾನೆ ಎಂದು ಹಿಂದಿನ ಪತ್ರದಲ್ಲಿ ನೀನು ಕೇಳಿದ್ದೆ. ಸಹಿ ಬೀಳುತ್ತಿದ್ದುದು ಕೊನೆಗೆ. ಅದಕ್ಕೂ ಮೊದಲು ದಿನಗಟ್ಟಲೆ ನಡೆಯುತ್ತಿದ್ದ ಸಭೆಯ ಬದುಕನ್ನು ತಿಳಿಯದೆ ಆ ಸಹಿಯ ಅನ್ಯಾಯವೂ ಅರ್ಥವಾಗುವುದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಅದಕ್ಕಾಗಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರಿನಲ್ಲಿ 1744ರ ಜೂನ್ ಕೊನೆಯಿಂದ ಜುಲೈ 4ರವರೆಗೆ ನೆಲದ ಹಕ್ಕಿನ ಕುರಿತು ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್, ವರ್ಜೀನಿಯಾ ವಸಾಹತುಗಳೊಡನೆ ಇರೊಕ್ವಾಯರು ನಡೆಸಿದ ಸಭೆಯ ವಿಷಯವನ್ನು ಬರೆಯುತ್ತಿದ್ದೇನೆ.

ಇರೊಕ್ವಾಯರ ಆರು ರಾಷ್ಟ್ರಗಳ ಒಕ್ಕೂಟದಿಂದ, ಅವುಗಳಲ್ಲೊಂದಾದ ಮೊಹಾಕರನ್ನು ಬಿಟ್ಟು, ಸುಮಾರು 250 ಜನ ಬಂದಿದ್ದರು. ಮುಖಂಡರ ಜೊತೆಗೆ ಹೆಂಗಸರೂ ಮಕ್ಕಳೂ ಇದ್ದರು. ಅವರು ತಮಗೆ ಒದಗಿಸಿದ ಹಲಗೆಗಳನ್ನೂ ಮರದ ಕೊಂಬೆಗಳನ್ನೂ ಬಳಸಿ ತಾವೇ ಗುಡಿಸಲು ಕಟ್ಟಿಕೊಂಡರು. ಊರಿನವರೂ ವಸಾಹತಿನ ಅಧಿಕಾರಿಗಳೂ ಅವುಗಳ ನಡುವೆ ಓಡಾಡಿ ನೋಡುತ್ತಿದ್ದರು. ಮೇರಿಲ್ಯಾಂಡ್ ನಿಯೋಗದ ಕಾರ್ಯದರ್ಶಿ ವಿದಮ್ ಮಾರ್ಷ್ ಬರೆದಿಟ್ಟ ದಿನಚರಿಯಲ್ಲಿ ನನ್ನ ಮನಸ್ಸಿಗೆ ನಾಟಿದ ಒಂದು ಸಂಗತಿಯಿದೆ: ದುಭಾಷಿ ಕಾನ್ರಾಡ್ ವೈಸರ್ ಬಿಳಿಯರನ್ನು ಪಕ್ಕಕ್ಕೆ ಕರೆದು, ಇವರೆದುರು ಇವರ ವಿಷಯ ಆಡಿಕೊಳ್ಳಬೇಡಿ, ಉಡುಗೆ ನೋಡಿ ನಗಬೇಡಿ, ಇಂಗ್ಲಿಷ್ ಆಡದಿದ್ದರೂ ಹಲವರಿಗೆ ಅದು ಅರ್ಥವಾಗುತ್ತದೆ ಎಂದು ಎಚ್ಚರಿಸಿದ್ದ. ಹದಿಹರೆಯದಲ್ಲಿ ಮೊಹಾಕರ ನಡುವೆ ಬಾಳಿ ಅವರ ನುಡಿ ಕಲಿತಿದ್ದ ಈ ಜರ್ಮನ್ ವಲಸಿಗನಿಲ್ಲದೆ ಸಭೆ ಒಂದು ಹೆಜ್ಜೆಯೂ ಮುಂದೆ ಹೋಗುತ್ತಿರಲಿಲ್ಲ.

ನ್ಯಾಯಾಲಯದ ಕಟ್ಟಡದಲ್ಲಿ ಸಭೆ ಸೇರಿದಾಗ ನಡೆದದ್ದು ಬಹುಮಟ್ಟಿಗೆ ಇರೊಕ್ವಾಯ್ ಪದ್ಧತಿಯೇ. ಚಿಪ್ಪಿನಿಂದ ಮಾಡಿದ ಬಿಳಿ ಮತ್ತು ನೇರಳೆ ಮಣಿಗಳನ್ನು ಹೆಣೆದ ವಾಂಪಮ್ ಪಟ್ಟಿಯನ್ನು ಕೊಡದೆ ಆಡಿದ ಮಾತಿಗೆ ತೂಕವಿರಲಿಲ್ಲ. ಪಟ್ಟಿ ಕೈಸೇರಿದಾಗ ಕುಳಿತವರೆಲ್ಲ ಒಕ್ಕೊರಲಿನಿಂದ ಕೂಗಿ ಸಮ್ಮತಿ ಸೂಚಿಸುತ್ತಿದ್ದರು. ಕೇಳಿದ ದಿನವೇ ಉತ್ತರಿಸುವುದು ಅವರಲ್ಲಿ ಸಲ್ಲದ ನಡತೆ. ತಮ್ಮೊಳಗೆ ಆಲೋಚಿಸಿ, ಮರಳಿ ಬಂದು, ಎದುರಿನವರು ಹೇಳಿದ್ದನ್ನು ಒಂದೊಂದಾಗಿ ಪುನರುಚ್ಚರಿಸಿ, ಆಮೇಲೆ ತಮ್ಮ ಮಾತು ಹೇಳುತ್ತಿದ್ದರು. ಇಷ್ಟು ಗಂಭೀರವಾಗಿ ಎದುರಾಳಿಯ ಮಾತನ್ನು ಕೇಳಿಸಿಕೊಂಡ ರಾಜತಂತ್ರ ಲೋಕದಲ್ಲಿ ಅಪರೂಪ ಎಂದೇ ನನಗೆ ಅನಿಸುತ್ತದೆ.

ಇರೊಕ್ವಾಯರ ಪರವಾಗಿ ಮಾತಾಡಿದವನು, ಆರು ರಾಷ್ಟ್ರಗಳಲ್ಲಿ ಒಂದಾದ ಒನೊಂಡಾಗದ ಕಾನಸಟೇಗೊ. ನೂರು ವರ್ಷದಿಂದ ಈ ನೆಲ ನಮ್ಮ ಸ್ವಾಧೀನದಲ್ಲಿದೆ ಎಂದು ಮೇರಿಲ್ಯಾಂಡಿನವರು ವಾದಿಸಿದಾಗ, ನಾವು ಈ ನೆಲದಿಂದಲೇ ಹುಟ್ಟಿ ಬಂದವರು, ಅಂದಿನಿಂದ ಇರುವ ನಮ್ಮ ಹಕ್ಕಿನ ಮುಂದೆ ನೂರು ವರ್ಷ ಯಾವ ಲೆಕ್ಕ ಎಂದು ಅವನು ಉತ್ತರಿಸಿದ. ಅವನನ್ನು ನಿಷ್ಕಳಂಕನೆಂದು ನಾನು ಹೇಳುತ್ತಿಲ್ಲ. ಎರಡು ವರ್ಷ ಹಿಂದೆ, 1742ರಲ್ಲಿ, ಮೋಸದಿಂದ ನೆಲ ಕಳೆದುಕೊಂಡಿದ್ದ ಡೆಲವೇರ್ ಎಂಬ ಇನ್ನೊಂದು ಮೂಲನಿವಾಸಿ ಜನರನ್ನು ಪೆನ್ಸಿಲ್ವೇನಿಯಾದ ಪರ ನಿಂತು ಗದರಿಸಿ ಅಲ್ಲಿಂದ ಎಬ್ಬಿಸಿದವನೂ ಅವನೇ. ಆದರೂ ಲ್ಯಾಂಕಾಸ್ಟರಿನಲ್ಲಿ, ನಮ್ಮ ಆರು ರಾಷ್ಟ್ರಗಳಂತೆ ನೀವೂ ಒಗ್ಗಟ್ಟಾಗಿರಿ ಎಂದು ಕೊನೆಯ ದಿನ ವಸಾಹತುಗಳಿಗೆ ಅವನು ಹೇಳಿದ ಬುದ್ಧಿಮಾತು ಎಷ್ಟು ದೊಡ್ಡದು! ಆ ಸಭೆಯ ನಡಾವಳಿಯನ್ನು ಫಿಲಡೆಲ್ಫಿಯಾದಲ್ಲಿ ಅಚ್ಚು ಹಾಕಿದವನು ಬೆಂಜಮಿನ್ ಫ್ರಾಂಕ್ಲಿನ್.

ಇನ್ನು ಸಹಿಯ ಮಾತು. 200 ಪೌಂಡ್ ಬೆಲೆಯ ಸರಕನ್ನೂ 200 ಪೌಂಡ್ ಚಿನ್ನವನ್ನೂ ಕೊಟ್ಟು ವರ್ಜೀನಿಯಾ ಒಂದು ಪತ್ರ ಬರೆಸಿಕೊಂಡಿತು. ತಾವು ಬಿಟ್ಟುಕೊಟ್ಟದ್ದು ಶೆನಾಂಡೋವ ಕಣಿವೆಯನ್ನು ಮಾತ್ರ ಎಂದು ಇರೊಕ್ವಾಯ್ ಮುಖಂಡರು ತಿಳಿದಿದ್ದರು. ಕಾಗದದ ಒಕ್ಕಣೆಯೋ ವರ್ಜೀನಿಯಾಕ್ಕೆ ಇಂಗ್ಲೆಂಡಿನ ದೊರೆ ಕೊಟ್ಟಿದ್ದ ಹಳೆಯ ಸನ್ನದಿನ ಮೇರೆಯನ್ನು ಒಪ್ಪುವಂತಿತ್ತು, ಆ ಮೇರೆ ಪಶ್ಚಿಮಕ್ಕೆ ಸಮುದ್ರದವರೆಗೂ ಚಾಚಿತ್ತು. ಅಷ್ಟು ದಿನ ಬಾಯಿಮಾತಿನಲ್ಲಿ ನಡೆದ ಎಚ್ಚರದ ವ್ಯವಹಾರವನ್ನು ಒಂದು ಒಕ್ಕಣೆ ಹೀಗೆ ನುಂಗಿದ್ದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. 1752ರಲ್ಲಿ ಓಹಾಯೊ ನದಿಯ ದಂಡೆಯ ಲಾಗ್ಸ್‌ಟೌನ್ ಸಭೆಯಲ್ಲಿ ಇರೊಕ್ವಾಯ್ ಪ್ರತಿನಿಧಿ ಟಾನಗ್ರಿಸನ್, ಮಾರಿದ ನೆಲ ಅಲೆಗೆನಿ ಬೆಟ್ಟಗಳನ್ನು ದಾಟಿ ಹೋಗುತ್ತದೆಂದು ನಮಗೆ ತಿಳಿದೇ ಇರಲಿಲ್ಲ ಎಂದ. ವರ್ಜೀನಿಯಾದವರು ಅದೇ ಸಭೆಯಲ್ಲಿ ಹಳೆಯ ಪತ್ರವನ್ನು ಅವರಿಂದಲೇ ಮತ್ತೆ ಸ್ಥಿರಪಡಿಸಿಕೊಂಡು ಹೊರಟರು.

ನಿನ್ನ ಉತ್ತರದ ನಿರೀಕ್ಷೆಯಲ್ಲಿ,
ನಿನ್ನ ಗೆಳೆಯ