ಕಾರ್ಬನ್ ಫೈಬರ್ ಕಟಿಂಗ್ ಕಿಟ್ ಅಂತ ನೀವು ಕಳ್ಸಿರೋದು ಕಾರ್ಬನ್ ಫೈಬರ್‌ಗೆ ಆಗೋದೇ ಅಲ್ಲ, ದುಡ್ಡು ವಾಪಸ್ ಮಾಡಿ

ಕಸ್ಟಮರ್ ಕೇರ್ ಮತ್ತೆ ಗ್ರೀವೆನ್ಸ್ ಆಫೀಸರ್ ಅವ್ರಿಗೆ,

ನಮಸ್ಕಾರ. ನಾನು ಹಾಸನದವನು, ಮನೇಲೇ ಡ್ರೋನ್ ರಿಪೇರಿ ಮಾಡ್ತೀನಿ. ಸಕಲೇಶಪುರ ಕಡೆ ಕಾಫಿ ತೋಟದವ್ರ ಸ್ಪ್ರೇ ಡ್ರೋನ್‌ಗಳು ಮುರಿದ್ಮೇಲೆ ಕಾರ್ಬನ್ ಫೈಬರ್ ಶೀಟಿಂದ (ಕಾರ್ಬನ್ ಎಳೇನ ಎಪಾಕ್ಸಿ ಅಂಟಲ್ಲಿ ಪದರ ಪದರವಾಗಿ ಕೂರ್ಸಿರೋದು) ಮೋಟರ್ ಕೂರೋ ಆರ್ಮು, ಪ್ಲೇಟು ಕಟ್ ಮಾಡಿ ಹಾಕ್ಕೊಡೋದು ನನ್ನ ಕೆಲ್ಸ. ಅದಕ್ಕೇ ನಿಮ್ಮ ಸೈಟಲ್ಲಿ "ಕಾರ್ಬನ್ ಫೈಬರ್‌ಗೆ ಸ್ಪೆಷಲ್, ಡೈಮಂಡ್ ಕೋಟಿಂಗ್, ನೀಟ್ ಎಡ್ಜ್" ಅಂತ ಬರ್ದಿದ್ದ ಕಿಟ್ ತರಿಸ್ಕೊಂಡೆ.

ಬಾಕ್ಸಲ್ಲಿ ಬಂದಿದ್ದು ಏನು ಗೊತ್ತಾ, ಮರ ಕೊಯ್ಯೋ ಹಲ್ಲಿರೋ ಸಣ್ಣ ಚಕ್ರ, ಅದೂ ಎಚ್‌ಎಸ್‌ಎಸ್ ಅಂದ್ರೆ ಹೈ ಸ್ಪೀಡ್ ಸ್ಟೀಲು, ಜೊತೆಗೆ ಕಂದು ಬಣ್ಣದ ಮಾಮೂಲಿ ಕಟಿಂಗ್ ವೀಲು, ಡೈಮಂಡ್ ಅನ್ನೋದು ಒಂದು ಕಣ ಇಲ್ಲ. ಆ ಹಲ್ಲಿನ ಚಕ್ರ 3 ಎಂಎಂ ಶೀಟಿಗೆ ಇಟ್ರೆ ಸ್ವಲ್ಪ ದೂರ ಹೋಗೋದ್ರೊಳಗೆ ಮೊಂಡಾಯ್ತು, ಆಮೇಲೆ ಕೊಯ್ಯೋದು ಬಿಟ್ಟು ಎಳೆ ಎಳೆಯಾಗಿ ಕೀಳೋಕೆ ಶುರು ಮಾಡ್ತು, ಹಿಂದಿನ ಕಡೆ ಪದರಾನೇ ಎದ್ಬಂತು. ಕಾರ್ಬನ್ ಎಳೆ ಸ್ಟೀಲ್ ಹಲ್ಲನ್ನ ಸವೆಸಿಬಿಡುತ್ತೆ ಸರ್, ಅದಕ್ಕೇ ಸ್ಟೀಲಿಗಿಂತ ಗಟ್ಟಿ ಇರೋ ಕಾರ್ಬೈಡೋ ಡೈಮಂಡೋ ಬೇಕು ಅನ್ನೋದು. ಡೈಮಂಡ್ ಪುಡಿ ಇರೋ ಚಕ್ರ ಹಲ್ಲಿನ ಥರ ಕೀಳಲ್ಲ, ಉಜ್ಕೊಂಡು ಹೋಗುತ್ತೆ. ಕಂದು ವೀಲು ಕೊಯ್ತು, ಇಲ್ಲ ಅನ್ನಲ್ಲ, ಆದ್ರೆ ನೋಡ್ತಾ ನೋಡ್ತಾ ಸವೆದು ಚಿಕ್ಕದಾಯ್ತು, ಒಂಚೂರು ಒತ್ತಿದ್ರೂ ಬಿಸಿಯಾಗಿ ಎಪಾಕ್ಸಿ ಸುಟ್ಟ ವಾಸ್ನೆ ಬರೋದು.

ಇದಕ್ಕೆ ನಿಮ್ಮವ್ರು ಕೊಟ್ಟ ಉತ್ತರ "ಯೂಸರ್ ಹ್ಯಾಂಡ್ಲಿಂಗ್ ಇಶ್ಯೂ, ರಿಟರ್ನ್ ಆಗಲ್ಲ". ನಾನು ಶೀಟಿನ ಎರಡೂ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಿ, ಕೆಳಗೆ ಹಳೇ ಪ್ಲೈವುಡ್ ಕೊಟ್ಟು, ಕ್ಲಾಂಪ್ ಹಾಕಿ, ಒತ್ತದೇ ನಿಧಾನಕ್ಕೆ ಕಟ್ ಮಾಡಿರೋದು. ಅದೇ ಶೀಟಿನ ಉಳಿದ ತುಂಡನ್ನ ಬಿ.ಎಂ. ರೋಡಿನ ಹಾರ್ಡ್‌ವೇರ್ ಅಂಗಡೀಲಿ ತಂದ ಟೈಲ್ಸ್ ಬ್ಲೇಡ್ ಹಾಕಿ, ಅಂದ್ರೆ ಅಂಚಲ್ಲಿ ಗ್ಯಾಪ್ ಇಲ್ದೇ ಸುತ್ತ ಡೈಮಂಡ್ ಇರೋದು, 4 ಇಂಚಿನ ಗ್ರೈಂಡರಲ್ಲಿ ಕೊಯ್ದೆ, ಅಂಚು ಎಷ್ಟು ನೀಟಾಗಿ ಬಂತು ಅಂದ್ರೆ 400 ನಂಬರ್ ವಾಟರ್ ಪೇಪರಲ್ಲಿ ಒಂಚೂರು ತಿಕ್ಕಿ, ತೆಳು ಸೂಪರ್ ಗ್ಲೂ ಸವರಿದ್ರೆ ಮುಗೀತು. ಅದೇ ಕೈ, ಅದೇ ಶೀಟು, ಅದೇ ಟೇಬಲ್. ಎರಡೂ ತುಂಡಿನ ಫೋಟೋ ಇದರ ಜೊತೆ ಕಳ್ಸಿದೀನಿ, ನೋಡಿ ನೀವೇ ಹೇಳಿ.

ಪದರ ಬಿಟ್ಟ ತುಂಡು ಅಂದ್ರೆ ನೋಡೋಕೆ ಚೆನ್ನಾಗಿರಲ್ಲ ಅಷ್ಟೇ ಅಂತ ಅನ್ಕೋಬೇಡಿ. ಮೋಟರ್ ವೈಬ್ರೇಶನ್‌ಗೆ ಆ ಬಿರುಕು ಬೆಳೀತಾ ಹೋಗುತ್ತೆ, ಔಷಧಿ ತುಂಬ್ಕೊಂಡ ಡ್ರೋನು ಆರ್ಮ್ ಮುರಿದು ಬಿದ್ರೆ ಕೆಳಗೆ ತೋಟದಲ್ಲಿ ಆಳುಗಳಿರ್ತಾರೆ. ಅದಕ್ಕೆ ಆ ತುಂಡನ್ನ ಯಾರಿಗೂ ಹಾಕ್ಕೊಡಲಿಲ್ಲ, ಲಾಸು ನಂದೇ.

ಇದಕ್ಕಿಂತ ನಂಗೆ ಜಾಸ್ತಿ ಸಿಟ್ಟು ಬಂದಿರೋದು ಧೂಳಿನ ವಿಷ್ಯಕ್ಕೆ. ಕಿಟ್ಟಲ್ಲಿ ನೀವಿಟ್ಟಿರೋ ಮಾಸ್ಕು ತೆಳ್ಳನೆ ಬಟ್ಟೆ, ಮೂಗಿನ ಹತ್ರ ಬೆರಳು ತೂರುತ್ತೆ. ಈ ಧೂಳು ಮೈಗೆ ಚುಚ್ಚಿ ನವೆ ಬರುತ್ತೆ, ಕಣ್ಣಿಗೆ, ಶ್ವಾಸಕೋಶಕ್ಕೆ ಒಳ್ಳೇದಲ್ಲ, ಕನಿಷ್ಠ ಎನ್95, ಕನ್ನಡಕ, ಗ್ಲೌಸ್ ಬೇಕೇ ಬೇಕು. ಅಷ್ಟೇ ಅಲ್ಲ ಇದ್ರಲ್ಲಿ ಕರೆಂಟ್ ಹರಿಯುತ್ತೆ, ಸರ್ಕ್ಯೂಟ್ ಬೋರ್ಡ್ ಮೇಲೆ ಕೂತ್ರೆ ಶಾರ್ಟ್ ಆಗುತ್ತೆ, ಗ್ರೈಂಡರ್ ಮೋಟರ್ ಒಳಗೆ ಹೋದ್ರೂ ಕಷ್ಟ. ಕಿಟ್ ಜೊತೆ ನೀವು ಕೊಟ್ಟಿರೋ ಸೂಚನೆ ಚೀಟೀಲಿ ಇದ್ರ ಬಗ್ಗೆ ಒಂದಕ್ಷರ ಇಲ್ಲ. ಬರೀ "ನೀರು ಹಾಕ್ಕೊಂಡು ಕಟ್ ಮಾಡಿ" ಅಂತ ಇದೆ, ಆಕ್ಸಾ ಬ್ಲೇಡಲ್ಲಿ ಕೈಯಿಂದ ಕೊಯ್ಯೋರಿಗೆ ಅದು ಸರಿ, ಧೂಳು ಏಳಲ್ಲ, ಆದ್ರೆ ಪ್ಲಗ್‌ಗೆ ಹಾಕಿರೋ ಗ್ರೈಂಡರ್ ಇಟ್ಕೊಂಡಿರೋನು ನೀರು ಸುರಿದ್ರೆ ಶಾಕ್ ಹೊಡೆದು ಸಾಯ್ತಾನೆ ಕಣ್ರೀ. ಇಲ್ಲಿನ ಇಂಜಿನಿಯರಿಂಗ್ ಕಾಲೇಜ್ ಹುಡುಗ್ರು ಪ್ರಾಜೆಕ್ಟ್ ಅಂತ ಹಾಸ್ಟೆಲ್ ರೂಮಲ್ಲೇ ಇದನ್ನ ಮಾಡೋಕೆ ಹೋಗ್ತಾರೆ, ಅವ್ರು ನಿಮ್ಮ ಚೀಟೀನೇ ನಂಬೋದು.

ನಂಗೆ ಬೇಕಾಗಿರೋದು ಕಿಟ್ಟಿನ ಪೂರ್ತಿ ದುಡ್ಡು, ಹಾಳಾದ ಶೀಟಿನ ದುಡ್ಡು. ಸೈಟಲ್ಲಿ ಡೈಮಂಡ್ ಅನ್ನೋ ಮಾತು ತೆಗೀರಿ, ಇಲ್ಲ ಅಂದ್ರೆ ನಿಜವಾದ ಡೈಮಂಡ್ ವೀಲೇ ಹಾಕಿ ಕಳ್ಸಿ, ಧೂಳಿನ ಎಚ್ಚರಿಕೆಯನ್ನ ಕನ್ನಡದಲ್ಲೂ ಪ್ರಿಂಟ್ ಮಾಡಿ. 2020ರ ಇ-ಕಾಮರ್ಸ್ ರೂಲ್ಸ್ ಪ್ರಕಾರ ದೂರು ಬಂತು ಅಂತ 48 ಗಂಟೆ ಒಳಗೆ ತಿಳಿಸ್ಬೇಕು, ಒಂದು ತಿಂಗಳಲ್ಲಿ ಬಗೆಹರಿಸ್ಬೇಕು, ನಿಮಗೂ ಗೊತ್ತಿರುತ್ತೆ. ಆಗ್ಲಿಲ್ಲ ಅಂದ್ರೆ ಗ್ರಾಹಕರ ಹೆಲ್ಪ್‌ಲೈನ್ 1915ಕ್ಕೆ ಫೋನ್ ಮಾಡ್ತೀನಿ, ಅಲ್ಲೂ ಆಗ್ಲಿಲ್ಲ ಅಂದ್ರೆ ಹಾಸನದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗ್ತೀನಿ. ಬಿಲ್ಲು, ಬಾಕ್ಸು, ಮೊಂಡಾದ ಚಕ್ರ ಎಲ್ಲಾ ಎತ್ತಿಟ್ಟಿದೀನಿ, ಪಿಕಪ್‌ಗೆ ಯಾರನ್ನ ಯಾವತ್ತು ಕಳಿಸ್ತೀರಾ ತಿಳಿಸಿ.

ಇಂತಿ,
ನಿಮ್ಮ ಗ್ರಾಹಕ, ಹಾಸನ