ಕಾಫಿ ಕಣದಿಂದ ಬೆಂಗಳೂರಿನ ಮುದ್ರೆಯವರೆಗೆ

ಮಾನ್ಯ ಸಂಪಾದಕರೇ,

ಕೊಡಗಿನ ಬೆಳೆಗಾರರು ತಾವೇ ಸದಸ್ಯರಾಗಿರುವ ಉತ್ಪಾದಕ ಕಂಪನಿ ಕಟ್ಟಿಕೊಂಡು ನೇರವಾಗಿ ರಫ್ತಿಗೆ ಇಳಿಯಬೇಕೆಂಬ ಮಾತನ್ನು ಸಭೆಗಳಲ್ಲಿ ಕೇಳುತ್ತಲೇ ಇದ್ದೇವೆ. ಕೊಡಗಿನ ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಸೂಚಕವೂ (ಊರಿನ ಹೆಸರಿನ ಮೇಲಿನ ಮಾನ್ಯತೆ, ಜಿಐ) ದೊರೆತಿದೆ. ಆದರೆ ಹೊರದೇಶದ ಖರೀದಿದಾರರು ಕಂಪನಿಯ ನೋಂದಣಿ ಪ್ರಮಾಣಪತ್ರ, ಆಡಳಿತ ಮಂಡಳಿಯ ನಿರ್ಣಯ ಮತ್ತು ಅಧಿಕಾರ ಪತ್ರಗಳನ್ನು ದೃಢೀಕರಿಸಿ ಕಳುಹಿಸಿರೆಂದು ಕೇಳಿದಾಗ ಯಾವ ಬಾಗಿಲು ತಟ್ಟಬೇಕೆಂಬುದನ್ನು ನಮಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ನಮ್ಮ ಸಣ್ಣ ಕಂಪನಿಗೆ ದುಬೈನಿಂದ ಬೇಡಿಕೆ ಬಂದಾಗ ಮಧ್ಯವರ್ತಿಯೊಬ್ಬರು ಎಲ್ಲ ಪತ್ರಗಳಿಗೂ 'ಅಪೋಸ್ಟಿಲ್' ಮಾಡಿಸಿಕೊಟ್ಟರು. ಅವು ಹಾಗೆಯೇ ಹಿಂದಿರುಗಿ ಬಂದವು. ಅಪೋಸ್ಟಿಲ್ ಎಂಬುದು ಪತ್ರದ ಸಹಿ, ಮೊಹರು ನಿಜವೆಂದು ಹೊರದೇಶಕ್ಕೆ ದೃಢಪಡಿಸುವ, 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ ಮಾತ್ರ ನಡೆಯುವ ಮುದ್ರೆ. ಭಾರತದ ಮಟ್ಟಿಗೆ ಅದು 2005ರ ಜುಲೈನಿಂದ ಜಾರಿಯಲ್ಲಿದೆ. ಇಟಲಿಗೆ, ರಷ್ಯಾಕ್ಕೆ ಅದು ಸಾಕು. ದುಬೈ ಇರುವ ಸಂಯುಕ್ತ ಅರಬ್ ಸಂಸ್ಥಾನಕ್ಕೆ ಸಾಲದು. ಅಲ್ಲಿಗೆ ವಿದೇಶಾಂಗ ಸಚಿವಾಲಯದ ದೃಢೀಕರಣದ ಮೇಲೆ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ನೆರೆಯ ಸೌದಿ ಅರೇಬಿಯಾದಲ್ಲಿ 2022ರ ಡಿಸೆಂಬರ್‌ನಿಂದ ಅಪೋಸ್ಟಿಲ್ ನಡೆಯುತ್ತದೆ. ಇನ್ನು ಜರ್ಮನಿ ಒಪ್ಪಂದದಲ್ಲಿದ್ದರೂ ಭಾರತದ ಸೇರ್ಪಡೆಗೆ ಆಕ್ಷೇಪ ಸಲ್ಲಿಸಿದ ದೇಶ; ಹಾಗಾಗಿ ಅಲ್ಲಿಗೆ ನಮ್ಮ ಅಪೋಸ್ಟಿಲ್ ನಡೆಯದು. ಹೀಗೆ ದೇಶಕ್ಕೊಂದು ದಾರಿ ಇರುವಾಗ, ಪತ್ರ ಯಾವ ದೇಶಕ್ಕೆ ಹೋಗುತ್ತದೆಂದು ಕೇಳದೆಯೇ ಹಣ ಪಡೆಯುವವರನ್ನು ನಂಬಿದ್ದು ನಮ್ಮದೇ ತಪ್ಪು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ವಾಣಿಜ್ಯ ಪತ್ರಗಳಿಗೆ ಸಾಮಾನ್ಯವಾಗಿ ಮೊದಲು ನೋಟರಿ, ಬಳಿಕ ವಾಣಿಜ್ಯ ಮಂಡಳಿ (ಚೇಂಬರ್ ಆಫ್ ಕಾಮರ್ಸ್), ಆಮೇಲೆ ವಿದೇಶಾಂಗ ಸಚಿವಾಲಯ ಎಂಬ ಕ್ರಮವಿದೆ. ಅಪೋಸ್ಟಿಲ್‌ಗೆ ಸಚಿವಾಲಯ ನಿಗದಿಪಡಿಸಿರುವ ಶುಲ್ಕ ಪತ್ರವೊಂದಕ್ಕೆ 50 ರೂಪಾಯಿ. ಅರ್ಜಿ ಸ್ವೀಕರಿಸುವ ನಿಯೋಜಿತ ಸಂಸ್ಥೆಯ ಸೇವಾ ಶುಲ್ಕ ಅದಕ್ಕೆ ಸೇರುತ್ತದೆ. ನಾವು ತೆತ್ತದ್ದು ಇದರ ಹಲವು ಪಟ್ಟು. ಹಣಕ್ಕಿಂತ ಹೆಚ್ಚು ಕಾಡಿದ್ದು ಅಲೆದಾಟ. ರೈಲು ಇಲ್ಲದ ಈ ಜಿಲ್ಲೆಯಿಂದ, ಕೊಯ್ಲಿನ ದಿನಗಳಲ್ಲಿ ಕಣದಲ್ಲಿ ಹರಡಿದ ಕಾಫಿಯನ್ನು ಬೇರೆಯವರ ಸುಪರ್ದಿಗೆ ಬಿಟ್ಟು ನಾನು ಮೂರು ಬಾರಿ ಬೆಂಗಳೂರಿಗೆ ಹೋಗಿ ಬಂದೆ. ಒಮ್ಮೆ ಹೋದದ್ದು ನಿರ್ಣಯದ ಪ್ರತಿಯಲ್ಲಿ ನಿರ್ದೇಶಕರೊಬ್ಬರ ಹೆಸರಿನ ಮೊದಲಕ್ಷರ ಬಿಟ್ಟುಹೋಗಿದ್ದ ಕಾರಣಕ್ಕೆ ಮಾತ್ರ.

ವಿಚಿತ್ರವೆಂದರೆ, ಕಂಪನಿಯ ನೋಂದಣಿ ಪ್ರಮಾಣಪತ್ರ ನಮಗೆ ಬರುವುದೇ ಡಿಜಿಟಲ್ ಸಹಿಯೊಂದಿಗೆ. ಅದನ್ನು ಕಾಗದಕ್ಕೆ ಇಳಿಸಿ, ಆ ಕಾಗದವನ್ನು ನಂಬಬಹುದೆಂದು ಮತ್ತೆ ನಾಲ್ಕು ಕಡೆ ಮುದ್ರೆ ಹಾಕಿಸಬೇಕಾಗಿದೆ. ಆ ಮುದ್ರೆಗಳೂ ಸಹಿ ಮತ್ತು ಮೊಹರು ನಿಜವೆಂದು ಹೇಳುತ್ತವೆಯೇ ಹೊರತು ಪತ್ರದ ಒಳಗಿನ ವಿಷಯಕ್ಕೆ ಹೊಣೆಯಾಗುವುದಿಲ್ಲ.

ನಿಯಮಗಳನ್ನು ಸಡಿಲಿಸಿರೆಂದು ನಾನು ಕೇಳುತ್ತಿಲ್ಲ. ಮಡಿಕೇರಿಯ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ತಿಂಗಳಿಗೆ ಒಂದು ದಿನವಾದರೂ ಪತ್ರಗಳನ್ನು ಪರಿಶೀಲಿಸಿ, ನಿಯೋಜಿತ ಸಂಸ್ಥೆಗೆ ಕಳುಹಿಸಿಕೊಡುವ ವ್ಯವಸ್ಥೆಯಾಗಲಿ. ಯಾವ ದೇಶಕ್ಕೆ ಯಾವ ಮುದ್ರೆ, ಶುಲ್ಕವೆಷ್ಟು ಎಂಬ ಪಟ್ಟಿಯನ್ನು ಕನ್ನಡದಲ್ಲಿ ಅಲ್ಲಿಯೂ ಕಾಫಿ ಮಂಡಳಿಯ ಸ್ಥಳೀಯ ಕಚೇರಿಗಳಲ್ಲಿಯೂ ತೂಗುಹಾಕಲಿ. ಮುಂದಿನ ಕೊಯ್ಲಿಗೆ ಮುನ್ನ ಜಿಲ್ಲಾಡಳಿತವು ಇದನ್ನು ಮಾಡಿಕೊಡಬೇಕೆಂದು ವಿನಂತಿ.

– ಕಾಫಿ ಬೆಳೆಗಾರ, ವಿರಾಜಪೇಟೆ